ಬೈಯಲಿಕ್ಕೆ ಕನ್ನಡ, ನಗಲಿಕ್ಕೆ ಯಾವ ಭಾಷೆ?

ನಮ್ಮ ಕಡೆ ಮಕ್ಕಳ ಕೈಗೆ ಕನ್ನಡ ಪುಸ್ತಕ ಕೊಡುವುದೆಂದರೆ ಹರಳೆಣ್ಣೆ ಕುಡಿಸಿದ ಹಾಗೆ. ಒಳ್ಳೆಯದಾಗಲಿ ಎಂದೇ ಕೊಡುತ್ತೇವೆ. ಮಗು ಮುಖ ಕಿವಿಚುತ್ತದೆ. ನಾವು ಕೂತು ಕಾಯುತ್ತೇವೆ. ಕೊನೆಯ ಪುಟ ಮುಗಿದೊಡನೆ "ಏನು ನೀತಿ ಕಲಿತಿ, ಹೇಳು" ಎಂದು ಕೇಳುತ್ತೇವೆ. ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗುತ್ತೇವೆ, ಈಗಿನ ಹುಡುಗರು ಪುಸ್ತಕ ಮುಟ್ಟುವುದೇ ಇಲ್ಲ ಎಂದು.

ಈ ಮಾತಿಗೆ ನನ್ನದೊಂದು ತಕರಾರಿದೆ. ಹುಡುಗರು ಓದುತ್ತಾರೆ. ಅವರು ಓದುವುದನ್ನು ನಾವು ಪುಸ್ತಕ ಎಂದು ಕರೆಯುವುದಿಲ್ಲ, ಅಷ್ಟೇ. ಅವರಿಗೆ ಬೇಕಾದದ್ದನ್ನು ನಾವು ಕನ್ನಡದಲ್ಲಿ ಕೊಟ್ಟೂ ಇಲ್ಲ. ನಾನಿಲ್ಲಿ ವಕೀಲಿ ಮಾಡಹೊರಟಿರುವುದು ಎಲ್ಲರೂ ಹಗುರವಾಗಿ ಕಾಣುವ ಒಂದು ವಸ್ತುವಿನ ಪರವಾಗಿ. ಟೀವಿಗೆ ಜೋಡಿಸಿ ಆಡುವ ವಿಡಿಯೊ ಆಟದಿಂದ ಹುಟ್ಟಿದ, ಬರೀ ನಗಿಸಲಿಕ್ಕೆಂದೇ ಬರೆದ ಚಿತ್ರಕಥೆಯ ಪುಸ್ತಕ ಅದು. ನಗುತ್ತೀರಾ? ನಗಿರಿ, ಅಡ್ಡಿಯಿಲ್ಲ. ಆದರೆ ಕೊನೆಯತನಕ ಓದಿ ನಗಿರಿ.

ಮೊದಲು ಆ ವಸ್ತು ಏನೆಂದು ಹೇಳುತ್ತೇನೆ. ಕೆಂಪು ಟೊಪ್ಪಿಗೆ, ದಪ್ಪ ಮೀಸೆ, ಗುಂಡನೆಯ ಹೊಟ್ಟೆಯ ಪ್ಲಂಬರ್ ಒಬ್ಬನನ್ನು ನಿಮ್ಮ ಮಕ್ಕಳ ಕಂಪಾಸು ಪೆಟ್ಟಿಗೆಯ ಮೇಲೋ ಅಂಗಿಯ ಮೇಲೋ ನೀವೂ ನೋಡಿರುತ್ತೀರಿ. ಅವನ ಹೆಸರು ಮಾರಿಯೊ. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಎಂಬಾತ ಹುಟ್ಟಿಸಿದ ಬೊಂಬೆ. 1981ರಲ್ಲಿ ಒಂದು ಆಟದಲ್ಲಿ ಮೊದಲು ಕಾಣಿಸಿಕೊಂಡ. 1985ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್' ಬಂದ ಮೇಲೆ ಜಗತ್ತಿನ ಹುಡುಗರ ಮನೆಯವನೇ ಆದ. ಆ ಆಟದಲ್ಲಿ ಮಾತುಕತೆ ಇಲ್ಲವೆಂದರೂ ನಡೆದೀತು. ಎಡದಿಂದ ಬಲಕ್ಕೆ ಓಡುತ್ತಾನೆ, ಹಾರುತ್ತಾನೆ, ಕೊಳವೆಯಲ್ಲಿ ಇಳಿಯುತ್ತಾನೆ, ಆಮೆಗಳ ಮೇಲೆ ಕುಪ್ಪಳಿಸುತ್ತಾನೆ, ಅಣಬೆ ತಿಂದು ದೊಡ್ಡವನಾಗುತ್ತಾನೆ. ಕೊನೆಗೆ ದೈತ್ಯನ ಕೋಟೆಯಿಂದ ರಾಜಕುಮಾರಿಯನ್ನು ಬಿಡಿಸುತ್ತಾನೆ. ಇಷ್ಟೇ ಕತೆ.

1990ರಲ್ಲಿ ಯುಕಿಯೊ ಸವಾದಾ ಎಂಬ ಚಿತ್ರಕಾರ ಇದೇ ಆಟವನ್ನು ಹಿಡಿದು 'ಸೂಪರ್ ಮಾರಿಯೊ-ಕುನ್' ಎಂಬ ಹಾಸ್ಯದ ಚಿತ್ರಮಾಲೆ ಶುರುಮಾಡಿದ. ಅದು ಬಂದದ್ದು 'ಕೊರೊಕೊರೊ ಕಾಮಿಕ್' ಎಂಬ ಮಾಸಪತ್ರಿಕೆಯಲ್ಲಿ. 1977ರಲ್ಲಿ ಹುಟ್ಟಿದ ಆ ಪತ್ರಿಕೆ ಪ್ರಾಥಮಿಕ ಶಾಲೆಯ ಹುಡುಗರಿಗೆಂದೇ ಇರುವಂಥದು. ಈ ಮಾಲೆ ಮೂವತ್ತು ವರ್ಷ ದಾಟಿ ನಡೆಯಿತು, ಐವತ್ತಕ್ಕೂ ಹೆಚ್ಚು ಸಂಪುಟಗಳಾದವು. ಅದರಲ್ಲಿ ಆಯ್ದ ಭಾಗ 2020ರಲ್ಲಿ ಇಂಗ್ಲಿಷಿಗೂ ಬಂತು. ಒಂದು ತಲೆಮಾರಿನ ಹುಡುಗರು ಅದನ್ನು ಓದಿ ದೊಡ್ಡವರಾದರು, ಈಗ ಅವರ ಮಕ್ಕಳು ಓದುವ ಕಾಲ.

ಸವಾದಾ ಮಾಡಿದ್ದೇನು? ಆಟದಲ್ಲಿ ಶೂರನಾಗಿದ್ದವನನ್ನು ತಂದು ಪೆದ್ದನನ್ನಾಗಿ ಮಾಡಿದ. ಪುಸ್ತಕದ ಮಾರಿಯೊ ಹೊಟ್ಟೆಬಾಕ, ಜಂಬಗಾರ, ಜಾರಿ ಬೀಳುವವ, ಕೆಲವೊಮ್ಮೆ ಮಾನ ಕಳಕೊಳ್ಳುವವ. ಆಟ ಆಡುವಾಗ ಯಾರೂ ಕೇಳದ ಪ್ರಶ್ನೆಗಳು ಇಂಥ ಪುಸ್ತಕ ಓದುವಾಗ ಏಳುತ್ತವೆ. ಅಣಬೆ ತಿಂದು ಮೈ ಬೆಳೆದಾಗ ಅಂಗಿ ಯಾಕೆ ಹರಿಯುವುದಿಲ್ಲ? ಇಷ್ಟು ಸಲ ಕೊಳವೆಯಲ್ಲಿ ಇಳಿದ ಈ ಪ್ಲಂಬರ್ ಒಂದು ಸಲವಾದರೂ ಅದನ್ನು ರಿಪೇರಿ ಮಾಡಿದ್ದಾನೆಯೇ? ಆಟದ ನಿಯಮ ಗೊತ್ತಿದ್ದ ಮಗುವಿಗೆ ಮಾತ್ರ ಇದು ನಗೆ. ಗೊತ್ತಿಲ್ಲದ ದೊಡ್ಡವರಿಗೆ ಬರೀ ಗದ್ದಲ. ಮನೆಯಲ್ಲಿ ತನಗೊಬ್ಬನಿಗೇ ತಿಳಿಯುವ ಒಂದು ನಗೆ ಸಿಕ್ಕರೆ ಮಗುವಿಗೆ ಎಷ್ಟು ದೊಡ್ಡಸ್ತಿಕೆ, ವಿಚಾರ ಮಾಡಿರಿ.

ಇದು ನಮಗೆ ಹೊಸದೆಂದು ಯಾರಾದರೂ ಅಂದರೆ ನಾನು ಒಪ್ಪುವವಳಲ್ಲ. ನಮ್ಮ ಬೆಳಗಾವಿ ಜಿಲ್ಲೆ ಶ್ರೀಕೃಷ್ಣ ಪಾರಿಜಾತದ ನಾಡು. ಅದನ್ನು ಬೆಳೆಸಿದ ಕುಲಗೋಡ ತಮ್ಮಣ್ಣ ಇಲ್ಲಿಯವನೇ. ಕೃಷ್ಣನ ಕತೆ ಯಾರಿಗೆ ಗೊತ್ತಿಲ್ಲ? ರುಕ್ಮಿಣಿ, ಸತ್ಯಭಾಮೆಯರ ಜಗಳ ಯಾರಿಗೆ ಗೊತ್ತಿಲ್ಲ? ಆದರೂ ಜನ ರಾತ್ರಿಯಿಡೀ ಕೂಡುತ್ತಾರೆ. ಯಾಕೆಂದರೆ ಭಾಗವತ ನಡುನಡುವೆ ಬಾಯಿ ಹಾಕಿ ದೇವರನ್ನೇ ಅಡ್ಡ ಪ್ರಶ್ನೆ ಕೇಳುತ್ತಾನೆ. ಗೊಲ್ಲತಿ ಬಂದಳೆಂದರೆ ಕೃಷ್ಣನ ಬಾಯಿ ಕಟ್ಟುತ್ತಾಳೆ. ಎಲ್ಲರಿಗೂ ಗೊತ್ತಿರುವ ದೊಡ್ಡವನನ್ನು ನಮ್ಮ ಅಂಗಳಕ್ಕೆ ಇಳಿಸಿ, ನಮ್ಮ ಮಾತಿನಲ್ಲಿ ಕಾಲೆಳೆಯುವುದು ನಮ್ಮ ಹಿರಿಯರು ಕಂಡುಕೊಂಡ ರುಚಿ. ಸವಾದಾ ಮಾಡಿದ್ದೂ ಅದೇ ಕೆಲಸ. ನಮ್ಮ ಅಜ್ಜಿಯರಿಗೆ ಕೃಷ್ಣ ಸಿಕ್ಕ, ಈ ಹುಡುಗರಿಗೆ ಮಾರಿಯೊ ಸಿಕ್ಕ. ಅಜ್ಜಿಯರ ನಗೆ ಕನ್ನಡದಲ್ಲಿತ್ತು. ಮೊಮ್ಮಕ್ಕಳ ನಗೆ ಎಲ್ಲಿದೆ?

ಇಲ್ಲಿಗೇ ನನ್ನ ಹೊಟ್ಟೆಯ ಉರಿ. ನಮ್ಮ ಉಗಾರ ಬುದ್ರುಕ ಕೃಷ್ಣಾ ನದಿಯ ದಂಡೆಯ ಊರು. ಪಕ್ಕದ ಉಗಾರ ಖುರ್ದದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ. ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮಿರಜ. ಬಟ್ಟೆ ಬರೆ, ದವಾಖಾನೆ, ಮದುವೆಯ ಜವಳಿ, ಎಲ್ಲಕ್ಕೂ ನಾವು ಅತ್ತಲೇ ಮುಖ ಮಾಡುವವರು. ಇದರಲ್ಲಿ ತಪ್ಪೇನೂ ಇಲ್ಲ. ಮರಾಠಿ ನಮಗೆ ನೆರೆಮನೆಯ ಭಾಷೆ, ಎಷ್ಟೋ ಮನೆಗಳಲ್ಲಿ ಸೊಸೆಯಾಗಿ ಬಂದ ಭಾಷೆ. ನಮ್ಮ ಮಕ್ಕಳು ಮೂರು ಭಾಷೆ ಸಲೀಸಾಗಿ ಆಡುತ್ತಾರೆ, ಅದು ಹೆಮ್ಮೆಯೇ. ಆದರೆ ಯಾವ ಭಾಷೆಯಲ್ಲಿ ಏನು ಮಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿದ್ದೀರಾ? ನಾನು ಕೇಳಿದ್ದೇನೆ. ಟೀವಿಯ ಮೋಟು-ಪತ್ಲು ನೋಡಿ ನಗುವುದು ಹಿಂದಿಯಲ್ಲಿ. ಓಣಿಯ ಗೆಳೆಯರೊಡನೆ ಚೇಷ್ಟೆ ಮರಾಠಿಯಲ್ಲಿ. ಮೊಬೈಲಿನ ಆಟದಲ್ಲಿ ಗೆದ್ದಾಗ ಕೂಗುವುದು ಇಂಗ್ಲಿಷಿನಲ್ಲಿ. ಕನ್ನಡ ಯಾವಾಗ? "ಏಳಲೇ, ಹೊತ್ತಾತು", "ಅಭ್ಯಾಸ ಮಾಡಿದ್ಯೇನ?", "ತಡಿ, ನಿಮ್ಮಪ್ಪ ಬರಲಿ". ಬೈಯುವುದೆಲ್ಲ ಕನ್ನಡದಲ್ಲಿ. ಇನ್ನು ಶಾಲೆಯಲ್ಲಿ ಕನ್ನಡವೆಂದರೆ ಪದ್ಯದ ಭಾವಾರ್ಥ, ನವೆಂಬರ್ ಒಂದರ ಭಾಷಣ, ಇಪ್ಪತ್ತಕ್ಕೆ ಹನ್ನೊಂದು ಅಂಕ. ಹೀಗಿದ್ದ ಮೇಲೆ ಮಗು ಯಾವ ಭಾಷೆಯನ್ನು ಪ್ರೀತಿಸಬೇಕು, ನೀವೇ ಹೇಳಿರಿ.

ಮೋಟು-ಪತ್ಲುವಿನ ಮಾತು ಬಂತಲ್ಲ, ಅದನ್ನೇ ನೋಡಿರಿ. ಅವರು ಟೀವಿಯಲ್ಲಿ ಹುಟ್ಟಿದವರಲ್ಲ. 1969ರಲ್ಲಿ ಶುರುವಾದ 'ಲೋಟಪೋಟ' ಎಂಬ ಹಿಂದಿ ಮಕ್ಕಳ ಪತ್ರಿಕೆಯ ಪುಟಗಳಲ್ಲಿ ಬೆಳೆದವರು. 2012ರಲ್ಲಿ ಟೀವಿಗೆ ಹೋದರು. ಕಾಗದದಲ್ಲಿ ನಗಿಸಿದವರು ನಾಲ್ಕು ದಶಕದ ಮೇಲೂ ಬಾಳಿದರು. ನಾವು ಕನ್ನಡದವರು ಕಾಗದದ ನಗೆಗೆ ಬೆಲೆ ಕೊಡಲಿಲ್ಲ. 'ಚಂದಮಾಮ' 1949ರಿಂದ ಕನ್ನಡದಲ್ಲಿ ಬರುತ್ತಿತ್ತು, ಅದರ ಕಾಲ ಮುಗಿಯಿತು. ಫ್ಯಾಂಟಮ್‌ನ ಸಾಹಸ ಹೊತ್ತು ಬರುತ್ತಿದ್ದ 'ಇಂದ್ರಜಾಲ ಕಾಮಿಕ್ಸ್' 1990ರಲ್ಲಿ ನಿಂತಿತು. ಆ ಜಾಗಕ್ಕೆ ಏನು ಬಂತು? ನಮ್ಮ ಊರಿನ ಅಂಗಡಿಯಲ್ಲಿ ಕನ್ನಡದ ಮಕ್ಕಳ ಪುಸ್ತಕ ಕೇಳಿದರೆ ಮಗ್ಗಿಯ ಪುಸ್ತಕ ತೆಗೆದುಕೊಡುತ್ತಾರೆ.

"ಅಕ್ಕಾರ, ಅದು ಪರದೇಶದ ಬೊಂಬಿ. ನಮ್ಮ ಸಂಸ್ಕೃತಿ ಏನಾಗಬೇಕು?" ಎಂದು ನನ್ನ ಗೆಳತಿಯೊಬ್ಬಳು ವಾದ ಹೂಡಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಅಮರ ಚಿತ್ರಕಥೆಗಳ ಮೇಲೆ ನಮಗೆಲ್ಲ ಎಷ್ಟು ಭಕ್ತಿ! ಆ ಮಾಲೆಯ ಮೊದಲ ಹೆಜ್ಜೆ ಕನ್ನಡದಲ್ಲೇ ಬಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಮ್ ಅವರು ಬೆಂಗಳೂರಿನಿಂದ ಅದನ್ನು ಕನ್ನಡದಲ್ಲಿ ಹೊರತಂದರು. ಮೊದಲ ಹತ್ತು ಪುಸ್ತಕ ಯಾವ ಕತೆ? ಸಿಂಡ್ರೆಲಾ ಮುಂತಾದ ಪರದೇಶದ ಕತೆಗಳೇ! ಅದಾದ ಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಕೈಯಲ್ಲಿ 'ಕೃಷ್ಣ' ಬಂದ, ಹನ್ನೊಂದನೆಯ ನಂಬರಿನವನಾಗಿ. ಪರದೇಶದ ಸಿಂಡ್ರೆಲಾ ಬಾಗಿಲು ತೆರೆದಳು, ಹಿಂದೆಯೇ ನಮ್ಮ ಕೃಷ್ಣ ಒಳಬಂದ. ಕನ್ನಡ ಆಗ ಕೆಡಲಿಲ್ಲ. ಈಗ ಮೀಸೆಯ ಪ್ಲಂಬರ್ ಒಬ್ಬ ಕನ್ನಡ ಮಾತಾಡಿದರೆ ಕೆಡುವಷ್ಟು ನಾಜೂಕಿನ ಭಾಷೆಯೇ ನಮ್ಮದು?

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಂಥ ಪುಸ್ತಕ ಆಟ ಮಾರುವವರ ಜಾಹೀರಾತು, ಓದಿದ ಮಗು ಆಟ ಬೇಕೆಂದು ಹಟ ಹಿಡಿಯುತ್ತದೆ ಎನ್ನುತ್ತಾರೆ. ನಿಜ, ಕಂಪನಿಗೆ ಲಾಭವಿಲ್ಲದೆ ಯಾರೂ ಅನುಮತಿ ಕೊಡುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಆಟ ಈಗಾಗಲೇ ಬಂದಾಗಿದೆ. ಮೊದಲು ಸಂತೆಯಲ್ಲಿ ಕೊಂಡ ಅಗ್ಗದ ಪೆಟ್ಟಿಗೆಯಾಗಿ ಬಂತು, ಟೀವಿಯ ಹಿಂದೆ ವೈರು ಸಿಕ್ಕಿಸಿಕೊಂಡಿತು. ಈಗ ಮೊಬೈಲಿನಲ್ಲಿ ಅಂಗೈಗೇ ಬಂದಿದೆ. 2020ರಲ್ಲಿ ಸರಕಾರ ಪಬ್ಜಿಯನ್ನು ನಿಷೇಧಿಸಿತು, 2022ರಲ್ಲಿ ಫ್ರೀ ಫೈರನ್ನು ನಿಷೇಧಿಸಿತು. ಹುಡುಗರು ಆಡುವುದು ಬಿಟ್ಟರೇ? ಒಂದು ಹೋದರೆ ಇನ್ನೊಂದು ಹುಡುಕಿದರು. ಹಣ ಕಟ್ಟಿ ಆಡುವ ಆಟಗಳ ಮಾತು ಬೇರೆ. ಅದು ಮನೆ ಮುರುಕ ಜೂಜು. 2025ರಲ್ಲಿ ಸಂಸತ್ತು ಅದರ ಮೇಲೆ ಕಾಯಿದೆ ಮಾಡಿದ್ದು ಒಳ್ಳೆಯದೇ ಆಯಿತು. ಅದರ ಪರ ನಾನು ಒಂದಕ್ಷರ ಬರೆಯುವವಳಲ್ಲ.

ನಾನು ಹೇಳುವುದಿಷ್ಟು: ಆಟದಿಂದ ಪುಸ್ತಕಕ್ಕೆ ಒಂದು ಹಾದಿಯಿದೆ. ಪುಸ್ತಕಕ್ಕೆ ಚಾರ್ಜು ಬೇಡ, ರೀಚಾರ್ಜು ಬೇಡ. ಕರೆಂಟು ಹೋದರೂ ಕಿಟಕಿಯ ಬೆಳಕಿನಲ್ಲಿ ಓದಬಹುದು. ಒಂದು ಪ್ರತಿ ಹತ್ತು ಮನೆ ತಿರುಗುತ್ತದೆ, ಅಂಚು ಹರಿದರೆ ಅಂಟು ಹಚ್ಚಬಹುದು. ಮುಖ್ಯವಾಗಿ, ಅದು ಮುಗಿಯುತ್ತದೆ. ಮೊಬೈಲಿನ ಆಟಕ್ಕೆ ಕೊನೆಯೆಂಬುದಿಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ಮಗು ತಲೆಯೆತ್ತಿ "ಅವ್ವಾ, ಹಸಿವಿ" ಎನ್ನುತ್ತದೆ. ಜಪಾನಿನಲ್ಲಿ ಮಕ್ಕಳ ಚಿತ್ರಕಥೆಗಳಲ್ಲಿ ಕಠಿಣ ಅಕ್ಷರಗಳ ಪಕ್ಕಕ್ಕೆ ಅದರ ಉಚ್ಚಾರವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ನಗಬೇಕೆಂಬ ಆಸೆಗೆ ಮಗು ಓದುತ್ತದೆ, ಓದುತ್ತ ಆ ಕಠಿಣ ಅಕ್ಷರ ತಾನಾಗಿ ಕಣ್ಣಿಗೆ ಕೂಡುತ್ತದೆ. ನಮ್ಮ ಒತ್ತಕ್ಷರಗಳಿಗೆ ಎಡವುವ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ಬೇರೆ ಉಪಾಯ ಯಾವುದು?

ಇದು ಬರೀ ಬಾಯಿಮಾತಲ್ಲ. ನನ್ನ ತಂಗಿಯ ಮಗನಿಗೆ ಪುಣೆಯ ಕಾಕಾ 2021ರ ದೀಪಾವಳಿಗೆ ಆ ಮಾರಿಯೊ ಪುಸ್ತಕದ ಇಂಗ್ಲಿಷ್ ಪ್ರತಿ ತಂದುಕೊಟ್ಟಿದ್ದರು. ಹುಡುಗ ಆಗ ಐದನೆಯ ಇಯತ್ತೆ. ಇಂಗ್ಲಿಷು ಅಷ್ಟಕ್ಕಷ್ಟೇ. ಚಿತ್ರ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದ. ಒಂದು ದಿನ ನೋಡಿದರೆ, ಮಾತಿನ ಗುಳ್ಳೆಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸಿ ಕನ್ನಡ ಬರೆಯಲು ಹತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಮಾರಿಯೊ ಆಮೆಯನ್ನು ಕಂಡು "ಯಾಕೋ ದೋಸ್ತ, ಬೆನ್ನಮ್ಯಾಲ ಮನಿ ಹೊತಗೊಂಡ ಯಾವ ಊರಿಗೆ ಹೊಂಟಿ?" ಎನ್ನುತ್ತಿದ್ದ. "ನೀ ತುಳಿಯಾಕ ಬರತಿ ಅಂತ ಗೊತ್ತಾಗಿ ಬಾಡಿಗಿ ಮನಿ ನೋಡಾಕ ಹೊಂಟೇನಿ" ಎಂದು ಆಮೆಯ ಉತ್ತರ. ಪುಸ್ತಕ ಮುಗಿದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂದೆ ತಾನೇ ಚಿತ್ರ ಬರೆದ. ಮಾರಿಯೊ ಸಕ್ಕರೆ ಕಾರ್ಖಾನೆಯ ಕೊಳವೆಯಲ್ಲಿ ಇಳಿದು ಮೈಯೆಲ್ಲ ಕಾಕಂಬಿ ಮಾಡಿಕೊಂಡು ಹೊಳೆಯಲ್ಲಿ ಏಳುತ್ತಾನೆ, ಅಲ್ಲಿ ಅರಿವೆ ಒಗೆಯುವ ಹೆಂಗಸರು ಅವನನ್ನೂ ಹಿಡಿದು ಕಲ್ಲಿಗೆ ಹಾಕಿ ತಿಕ್ಕುತ್ತಾರೆ! ಎಂಟು ಪುಟ. ಅಷ್ಟೂ ಕನ್ನಡ, ನಮ್ಮ ಕನ್ನಡ. ಪ್ರಬಂಧ ಬರೆ ಎಂದರೆ ನಾಲ್ಕು ಸಾಲಿಗೆ ನಿಟ್ಟುಸಿರು ಬಿಡುತ್ತಿದ್ದ ಹುಡುಗ ಅವನು.

ಆ ಎಂಟು ಪುಟವನ್ನು ಹೆಮ್ಮೆಯಿಂದ ಶಾಲೆಗೆ ಒಯ್ದ. ಅಲ್ಲಿ ಅದನ್ನು ಎಲ್ಲ ಮಕ್ಕಳೆದುರು ಹರಿದು ಬುಟ್ಟಿಗೆ ಹಾಕಿದರು. "ಇಂಥ ಹೊಲಸು ಭಾಷಾ ಸಾಲಿಯೊಳಗ ನಡಿಯೂದಿಲ್ಲ" ಎಂದರಂತೆ. ಯಾವ ಶಾಲೆ, ಯಾರು ಎಂಬುದು ಬೇಡ. ಅಂಥ ಶಾಲೆಗಳು ಊರೂರಿಗೂ ಇವೆ. ಹುಡುಗ ಮತ್ತೆ ಕನ್ನಡದಲ್ಲಿ ಚಿತ್ರ ಬರೆಯಲಿಲ್ಲ. ಈಗಲೂ ಚಿತ್ರ ಬರೆಯುತ್ತಾನೆ, ಗುಳ್ಳೆಯಲ್ಲಿ ಇಂಗ್ಲಿಷಿನ ಎರಡು ಶಬ್ದ, ಮುಗಿಯಿತು. ಮಗುವಿನ ಕೈಯಿಂದ ಭಾಷೆ ಜಾರುವುದು ಹೀಗೆ. ಅದಕ್ಕೆ ಯಾವ ಗಡಿಯ ವ್ಯಾಜ್ಯವೂ ಬೇಡ, ಯಾವ ಮೋರ್ಚಾವೂ ಬೇಡ. ಕನ್ನಡದಲ್ಲಿ ನಕ್ಕಿದ್ದಕ್ಕೆ ಒಂದು ಸಲ ಅವಮಾನ ಮಾಡಿದರೆ ಸಾಕು.

ಹೆಣ್ಣುಮಕ್ಕಳ ಪರವಾಗಿ ಒಂದು ಮಾತು ಕೇಳುವವರಿದ್ದಾರೆ. ಪ್ರತಿಸಲ ರಾಜಕುಮಾರಿಯನ್ನು ಹೊತ್ತೊಯ್ಯುವ, ಗಂಡಸು ಬಂದು ಬಿಡಿಸುವ ಕತೆ ನಮ್ಮ ಹುಡುಗಿಯರಿಗೆ ಯಾಕೆ? ಸರಿಯಾದ ಪ್ರಶ್ನೆ. ಆಟ ಮಾಡಿದವರಿಗೂ ಅದು ತಟ್ಟಿದೆ. 2005ರಲ್ಲಿ ಒಂದು ಆಟದಲ್ಲಿ ರಾಜಕುಮಾರಿಯೇ ಹೋಗಿ ಮಾರಿಯೊನನ್ನು ಬಿಡಿಸಿದಳು, 2024ರಲ್ಲಿ ಇನ್ನೊಂದು ಆಟಕ್ಕೂ ಅವಳೇ ನಾಯಕಿಯಾದಳು. ಆದರೆ ಅದಕ್ಕಿಂತ ಮೊದಲೇ ನಮ್ಮ ಓಣಿಯ ಹುಡುಗಿಯೊಬ್ಬಳು ಆ ಪುಸ್ತಕ ನೋಡುತ್ತ ಕೇಳಿದ್ದು ಇದು: "ಎಷ್ಟ ಸಲ ಕದ್ದೊಯ್ದರೂ ಇಕಿ ಬಾಗಲಕ ಒಂದ ಚಿಲಕಾ ಹಾಕಸೂದಿಲ್ಲಲ್ಲ, ಅವನರ ಪ್ಲಂಬರ್, ಬಡಿಗೇರನ್ನ ಲಗ್ನಾ ಆಗಬೇಕಿತ್ತ." ನಾವೆಲ್ಲ ನಕ್ಕೆವು. ಯಾವ ನೀತಿಪಾಠದ ಪುಸ್ತಕ ಓದಿ ಆ ಹುಡುಗಿ ಇಂಥ ಪ್ರಶ್ನೆ ಕೇಳುತ್ತಿದ್ದಳು? ನೀತಿಯ ಪುಸ್ತಕದಲ್ಲಿ ಪ್ರಶ್ನೆ ಕೇಳುವ ಹಕ್ಕು ಗುರುಗಳಿಗೆ ಮಾತ್ರ. ನಗೆಯ ಪುಸ್ತಕದಲ್ಲಿ ಅದು ಓದುವವಳಿಗೆ.

ಈಗ ಸರಕಾರದ ಕಡೆ ತಿರುಗುತ್ತೇನೆ. 2012ರಲ್ಲಿ ನಮ್ಮ ಕರ್ನಾಟಕ ಒಂದು ನೀತಿ ಹೊರಡಿಸಿತು, ದೇಶದಲ್ಲೇ ಮೊದಲು ಎಂದು ಹೇಳಿಕೊಂಡಿತು. ಅದರ ಹೆಸರು ಎವಿಜಿಸಿ. ಎ ಎಂದರೆ ಅನಿಮೇಶನ್, ವಿ ಎಂದರೆ ವಿಶುವಲ್ ಇಫೆಕ್ಟ್ಸ್, ಜಿ ಎಂದರೆ ಗೇಮಿಂಗ್, ಸಿ ಎಂದರೆ ಕಾಮಿಕ್ಸ್. ಆಟವೂ ಚಿತ್ರಕಥೆಯೂ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ಕೂತಿವೆ, ಗಂಡ ಹೆಂಡತಿಯ ಹಾಗೆ! 2024ರಲ್ಲಿ ಆ ನೀತಿ ಮತ್ತೆ ಹೊಸದಾಗಿ ಬಂತು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಪರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಟ್ಟಿತು, 2019ರಲ್ಲಿ ಪರದೇಶದವರೇ ಅದನ್ನು ಕೊಂಡರು. ನಮ್ಮವರಿಗೆ ಕೈಚಳಕವಿಲ್ಲ ಎನ್ನುವಂತಿಲ್ಲ. ಜಗತ್ತಿನ ಮಕ್ಕಳಿಗೆ ಆಟದ ಚಿತ್ರ ಬರೆದುಕೊಡುವ ಊರು ನಮ್ಮದು. ಆದರೆ ಉಗಾರದ ಮಗುವಿಗೆ ಕನ್ನಡದ ಹತ್ತು ನಗೆಯ ಪುಟ ತಲುಪಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಇದಕ್ಕೇ ಇರಬೇಕು. ಆ ಸಿ ಅಕ್ಷರದ ಪಾಲಿನ ದುಡ್ಡಿನಲ್ಲಿ ಸ್ವಲ್ಪವಾದರೂ ಕನ್ನಡದ ಚಿತ್ರಕಥೆಗೆ ಕೊಡಿರಿ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಅರಿವು ಕೇಂದ್ರವೆಂದು ಹೆಸರಿಟ್ಟಿದ್ದೀರಿ, ಸಂತೋಷ. ಆ ಕಪಾಟಿನಲ್ಲಿ ಮಕ್ಕಳ ಎತ್ತರಕ್ಕೆ ಒಂದು ಸಾಲು ನಗೆಯ ಪುಸ್ತಕ ಇಡಿರಿ.

ಪ್ರಕಾಶಕರಿಗೂ ಒಂದು ಮಾತು. ಮಾರಿಯೊನ ಅನುಮತಿ ದುಬಾರಿಯಾದರೆ ಬಿಡಿರಿ. ನಮ್ಮಲ್ಲೇ ಲಗೋರಿ ಇದೆ, ಚಿಣಿಫಣಿ ಇದೆ, ಹುಲಿ-ಕುರಿ ಆಟವಿದೆ. ಅದರ ಮೇಲೆ ಮೊಬೈಲಿನ ಆಟ ಮಾಡುವ ಹುಡುಗರೂ ಸಿಗುತ್ತಾರೆ. ಅಂಥ ಆಟವೊಂದನ್ನು ಹಿಡಿದು ನಗೆಯ ಚಿತ್ರಮಾಲೆ ಮಾಡಿರಿ. ಹುಲಿ ಕುರಿಯನ್ನು ತಿನ್ನಲು ಬಂದು ಪೇಚಿಗೆ ಸಿಗಲಿ. ಆದರೆ ಒಂದು ಶರತ್ತು: ಕೊನೆಯ ಪುಟದಲ್ಲಿ ನೀತಿ ಬೇಡ, ಮಾತು ಗ್ರಂಥದ ಕನ್ನಡದಲ್ಲಿ ಬೇಡ. ಬೆಳಗಾವಿ ಕಡೆಯ ಕುರಿ ಬೆಳಗಾವಿ ಕಡೆಯ ಹಾಗೆಯೇ ಮಾತಾಡಲಿ.

ಉಳಿದದ್ದು ನಮ್ಮ ಕೈಯಲ್ಲಿದೆ, ಅಕ್ಕತಂಗಿಯರೇ. ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಪ್ಲಾಸ್ಟಿಕ್ ಡಬ್ಬಿ, ಸ್ಟೀಲಿನ ಚಮಚ ಹಂಚಿ ಹಂಚಿ ಎಲ್ಲರ ಮಾಡದಲ್ಲೂ ರಾಶಿ ಬಿದ್ದಿದೆ. ಅದೇ ದುಡ್ಡಿಗೆ ಈ ಸಲ ಕನ್ನಡದ ಒಂದೊಂದು ಚಿತ್ರದ ಪುಸ್ತಕ ಕೊಡೋಣ. ಸಿಗದಿದ್ದರೆ ಅಂಗಡಿಯವನಿಗೆ "ಯಾಕ ತರಸೂದಿಲ್ಲ?" ಎಂದು ಹತ್ತು ಜನ ಹತ್ತು ಸಲ ಕೇಳೋಣ. ಕೇಳುವವರಿದ್ದರೆ ತರಿಸುವವರೂ ಹುಟ್ಟುತ್ತಾರೆ. ಮಗು ಚಿತ್ರ ಬರೆದು ಅದರ ಬಾಯಲ್ಲಿ ನಮ್ಮ ಮಾತು ಇಟ್ಟರೆ ಕಾಗುಣಿತ ತಿದ್ದುವ ಮೊದಲು ಒಂದು ಸಲ ಮನಸಾರೆ ನಕ್ಕುಬಿಡೋಣ. ಕಾಗುಣಿತ ನಾಳೆ ತಿದ್ದಬಹುದು.